ಕೈಬಿಟ್ಟರೂ ಓಡುವ ಆಟಗಾರ: ಫುಟ್‌ಬಾಲ್ ಗೇಮ್‌ನ ಒಂದು ಕಂಟ್ರೋಲರ್ ದುರಸ್ತಿಯ ಪ್ರಕರಣ ಅಧ್ಯಯನ

ಬಳ್ಳಾರಿಯ ನನ್ನ ದುರಸ್ತಿ ಮೇಜಿಗೆ ಬಂದ ಒಂದು ಕಂಟ್ರೋಲರ್‌ನ ಕಥೆ ಇದು. ಮಾಲೀಕರ, ಆಡುವ ಹುಡುಗರ ಮತ್ತು ಅಂಗಡಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಅಳತೆಗಳನ್ನು, ಮಾಡಿದ ತಪ್ಪುಗಳನ್ನು ಮತ್ತು ಅವು ನಡೆದ ಕ್ರಮವನ್ನು ನನ್ನ ಕೆಲಸದ ಪುಸ್ತಕದಲ್ಲಿ ಬರೆದಿಟ್ಟುಕೊಂಡಂತೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ಕೌಲ್ ಬಜಾರ್ ಕಡೆಯ ಒಂದು ಓಣಿಯಲ್ಲಿ, ಜೀನ್ಸ್ ಹೊಲಿಯುವ ಘಟಕದ ಮೇಲಿನ ಮಹಡಿಯಲ್ಲಿ, ನಾಲ್ಕು ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಗೇಮ್ ಯಂತ್ರಗಳ ಒಂದು ಚಿಕ್ಕ ಗೇಮಿಂಗ್ ಪಾರ್ಲರ್ ಇದೆ. ಅಲ್ಲಿಗೆ ಬರುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಸಂಜೆ ಪಾಳಿ ಮುಗಿಸಿ ಮೇಲೆ ಹತ್ತಿ ಬರುವ ಕಟಿಂಗ್ ಮಾಸ್ಟರ್‌ಗಳೂ ಟೈಲರ್‌ಗಳೂ ಇದ್ದಾರೆ. ಆಡುವುದು ಹೆಚ್ಚಾಗಿ ಫುಟ್‌ಬಾಲ್. ಆ ಆಟ 2023ರಲ್ಲಿ ಫಿಫಾ ಹೆಸರನ್ನು ಬಿಟ್ಟು ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾಗಿದ್ದರೂ ಅಲ್ಲಿ ಇವತ್ತಿಗೂ ಎಲ್ಲರೂ ಅನ್ನುವುದು ‘ಫಿಫಾ’ ಎಂದೇ. ಕಂಟ್ರೋಲರ್‌ಗೆ ‘ರಿಮೋಟ್’ ಎಂದು.

ಎಂಟು ಕಂಟ್ರೋಲರ್‌ಗಳ ಪೈಕಿ ಕೆಂಪು ಟೇಪು ಸುತ್ತಿದ ಒಂದನ್ನು ‘ಐದನೇ ನಂಬರ್’ ಎಂದು ಕರೆಯುತ್ತಿದ್ದರು. ಅದು ಪಿಎಸ್4ರ ಜೊತೆಗೆ ಬರುವ ಡ್ಯುಯಲ್‌ಶಾಕ್ 4; ಪಾರ್ಲರ್‌ನಲ್ಲಿ ದಿನಕ್ಕೆ ಎಂಟರಿಂದ ಹತ್ತು ತಾಸಿನಂತೆ ಮೂರು ವರ್ಷಕ್ಕೂ ಹೆಚ್ಚು ಕಾಲ ದುಡಿದಿತ್ತು. ಮನೆಯಲ್ಲಿ ಒಬ್ಬನೇ ಆಡುವ ಕಂಟ್ರೋಲರ್ ಅಷ್ಟು ಸವೆಯಬೇಕಾದರೆ ಎಷ್ಟು ವರ್ಷ ಬೇಕೋ, ಆದ್ದರಿಂದ ಮುಂದೆ ಹೇಳುವುದನ್ನು ತಯಾರಿಕೆಯ ದೋಷವೆಂದು ಯಾರೂ ಓದಬಾರದು. ಇದು ದುಡಿಮೆಯ ಸವೆತ.

ಸಮಸ್ಯೆ ಹೊರಬಿದ್ದದ್ದು ಜಗಳದಿಂದ. ಪಾರ್ಲರ್‌ನಲ್ಲಿ ನೂರು ರೂಪಾಯಿ ಪ್ರವೇಶ ಶುಲ್ಕದ ಒಂದು ಪಂದ್ಯಾವಳಿ ನಡೆದಾಗ, ಸೋತ ಹುಡುಗ ಐದನೇ ನಂಬರನ್ನು ಟೇಬಲ್ಲಿನ ಮೇಲೆ ಇಟ್ಟು, “ಅಣ್ಣ, ಕೈ ಬಿಟ್ಟೀನಿ ನೋಡು, ಆದ್ರೂ ಇವ ಲೈನ್ ದಾಟಿ ಹೊರಗ ಹೊಂಟಾನ” ಎಂದು ಎಲ್ಲರಿಗೂ ತೋರಿಸಿದನಂತೆ. ಎದುರಾಳಿ ಒಪ್ಪಲಿಲ್ಲ. ಫುಟ್‌ಬಾಲ್ ಗೇಮ್‌ನಲ್ಲಿ ಇಂಥ ವಾದ ಬೇಗ ಮುಗಿಯುವುದಿಲ್ಲ. ಏಕೆಂದರೆ ಪಾಸ್ ಬರುವಾಗ ಅದನ್ನು ಪಡೆಯುವ ಆಟಗಾರ ನಾವು ಸ್ಟಿಕ್, ಅಂದರೆ ಆಟಗಾರನನ್ನು ಓಡಿಸಲು ಹೆಬ್ಬೆರಳಿನಿಂದ ವಾಲಿಸುವ ಕಡ್ಡಿ, ಮುಟ್ಟದಿದ್ದರೂ ಚೆಂಡಿನ ಕಡೆಗೆ ತಾನಾಗಿ ಹೆಜ್ಜೆ ಹಾಕುತ್ತಾನೆ, ಅದು ಆಟವೇ ಮಾಡುವ ಸಹಾಯ. ಅದೇ ಹುಡುಗನ ಎರಡನೆಯ ದೂರು ಆರ್2 ಬಗ್ಗೆ, ಅಂದರೆ ಬಲಗೈ ಬೆರಳಿನಿಂದ ಒತ್ತುವ ಟ್ರಿಗರ್ ಬಟನ್ ಬಗ್ಗೆ. ಆರ್2 ಒತ್ತಿ ಹಿಡಿದರೆ ಆಟಗಾರ ವೇಗವಾಗಿ ಓಡಬೇಕು. ಆದರೆ ಓಟ ನಡುನಡುವೆ ಕಡಿದು, ಹಿಂದೆ ಬಿದ್ದ ಡಿಫೆಂಡರ್ ಬಂದು ಚೆಂಡು ಕಸಿಯುತ್ತಿದ್ದ.

ಮರುದಿನ ಮಾಲೀಕರು ಅದನ್ನು ತಂದು, “ಸರ್, ಧೂಳು ಕುಂತೈತಿ, ಸ್ವಲ್ಪ ಕ್ಲೀನ್ ಮಾಡಿ ಕೊಡ್ರಿ” ಎಂದರು. ತರುವ ಮೊದಲು ತಾವೇ ಸ್ಟಿಕ್ಕಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದರೆಂಬುದು ಬಿಚ್ಚುವ ಮೊದಲೇ ವಾಸನೆಯಿಂದ ಗೊತ್ತಾಯಿತು. ಆ ಸ್ಪ್ರೇ ಬಿಟ್ಟುಹೋಗುವ ಎಣ್ಣೆಯ ಪದರ ಪುಡಿಯನ್ನೆಲ್ಲ ಹಿಡಿದು ಅಂಟಿಸಿಕೊಳ್ಳುತ್ತದೆ; ಎಲೆಕ್ಟ್ರಾನಿಕ್ ಸಂಪರ್ಕಗಳಿಗೆ ಅದು ಔಷಧವಲ್ಲ.

ಮೊದಲ ಪ್ರಯತ್ನ, ಮತ್ತು ಧೂಳು ಹಾದಿ ತಪ್ಪಿಸಿದ ಬಗೆ

ಹಿಂಬದಿಯ ನಾಲ್ಕು ಸ್ಕ್ರೂ ತೆಗೆದು ಬಿಚ್ಚಿದಾಗ ಒಳಗೆ ಕಂಡದ್ದನ್ನು ಇವತ್ತಿಗೂ ನೆನೆಯುತ್ತೇನೆ. ಎಡ ಸ್ಟಿಕ್ಕಿನ ಕುತ್ತಿಗೆಗೆ ನೀಲಿ ನೂಲಿನ ಹಿಂಜು ಸಣ್ಣ ಉಂಗುರದ ಹಾಗೆ ಸುತ್ತಿಕೊಂಡಿತ್ತು, ಕೆಳಗಿನ ಹೊಲಿಗೆ ಯಂತ್ರಗಳ ಡೆನಿಮ್ ಬಟ್ಟೆಯದು. ಅದರ ಕೆಳಗೆ, ನಮ್ಮ ಊರಿನ ಪ್ರತಿ ಫ್ಯಾನಿನ ರೆಕ್ಕೆಯ ಮೇಲೂ ಇರುವಂಥ ಕೆಂಪು ಧೂಳು ಎಣ್ಣೆಯಲ್ಲಿ ಕಲಸಿ ಕೆಸರಾಗಿತ್ತು. ಇಷ್ಟನ್ನು ನೋಡಿದ ಮೇಲೆ ಬೇರೆ ಕಾರಣ ಹುಡುಕುವ ತಾಳ್ಮೆ ನನಗೆ ಉಳಿಯಲಿಲ್ಲ. ಮೊದಲ ತಪ್ಪು ಅದೇ: ಕಣ್ಣಿಗೆ ಕಂಡ ಕೊಳೆಯನ್ನೇ ರೋಗವೆಂದು ಬಗೆದೆ. ಅಳತೆ ತೆಗೆಯದೆ ಬ್ರಷ್ ಹಿಡಿದೆ.

ಸ್ಟಿಕ್ಕಿನ ಬಾಕ್ಸಿನ ಎರಡು ಪಕ್ಕದಲ್ಲಿ ಒಂದೊಂದು ಪೊಟೆನ್ಶಿಯೋಮೀಟರ್, ನಮ್ಮ ಮಾತಿನಲ್ಲಿ ಪಾಟ್, ಇರುತ್ತದೆ. ಒಂದು ಎಡ-ಬಲದ ಚಲನೆಯನ್ನು, ಇನ್ನೊಂದು ಮೇಲೆ-ಕೆಳಗಿನದನ್ನು ಅಳೆಯುತ್ತದೆ. ನಾವು ಇವನ್ನು ಎಕ್ಸ್ ಅಕ್ಷ, ವೈ ಅಕ್ಷ ಎನ್ನುತ್ತೇವೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆಯನ್ನು ತೊಳೆದು, ಎರಡೂ ಪಾಟ್‌ಗಳ ಸಂದಿಗೆ ಕೆಲವು ಹನಿ ಬಿಟ್ಟು, ಸ್ಟಿಕ್ಕನ್ನು ಸುತ್ತಲೂ ತಿರುಗಿಸಿ, ಒಣಗಿಸಿ ಜೋಡಿಸಿದೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದಾಗ ಎಕ್ಸ್ ಅಕ್ಷ 126ರಿಂದ 128ರ ನಡುವೆ ನಿಂತಿತ್ತು. ಈ ಕಂಟ್ರೋಲರ್ ಪ್ರತಿ ಅಕ್ಷವನ್ನು 0ರಿಂದ 255ರವರೆಗಿನ ಒಂದು ಅಂಕಿಯಾಗಿ ಕಳುಹಿಸುತ್ತದೆ. ಕೈಬಿಟ್ಟಾಗ 127 ಅಥವಾ 128ರ ಆಸುಪಾಸಿನಲ್ಲಿರಬೇಕು. ಆರ್2 ಕೂಡ ಒತ್ತಿದಾಗ 255 ತೋರಿಸಿತು. ಇನ್ನೂರು ರೂಪಾಯಿ ಪಡೆದು ಕೊಟ್ಟುಕಳುಹಿಸಿದೆ.

ಒಂಬತ್ತನೆಯ ದಿನ ಅದು ವಾಪಸಾಯಿತು.

ಅಂಕಿಗಳನ್ನು ಓದಿದ ದಿನ

ಈ ಸಲ ಬಿಚ್ಚಲಿಲ್ಲ. ತಂತಿ ಸಿಕ್ಕಿಸಿ, ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಒಯ್ದು ಕೈಬಿಟ್ಟು ಅಂಕಿ ಬರೆದುಕೊಂಡೆ. ಬಲಕ್ಕೆ ಒಯ್ದು ಬಿಟ್ಟು ಬರೆದುಕೊಂಡೆ. ಹೀಗೆ ಹತ್ತತ್ತು ಸಲ. ಎಡದಿಂದ ಮರಳಿದಾಗಿನ ಅಂಕಿಗೂ ಬಲದಿಂದ ಮರಳಿದಾಗಿನ ಅಂಕಿಗೂ ನಾಲ್ಕರಷ್ಟು ವ್ಯತ್ಯಾಸ ಕಂಡಿತು. ಅದಕ್ಕಿಂತ ಮುಖ್ಯವಾಗಿ, ಯಾರೂ ಮುಟ್ಟದೆ ಮೇಜಿನ ಮೇಲೆ ಇಟ್ಟಿರುವಾಗಲೇ ಎಕ್ಸ್ ಅಕ್ಷ 104ರಿಂದ 124ರವರೆಗೆ ನಡುಗುತ್ತಿತ್ತು. ವೈ ಅಕ್ಷ ಮಾತ್ರ 127ರಲ್ಲಿ ಕಲ್ಲಿನಂತೆ ಕೂತಿತ್ತು.

ಕೈಬಿಟ್ಟಾಗಿನ ಅಂಕಿ ಮೂರು ಬಗೆಯಲ್ಲಿ ತಪ್ಪಬಹುದು, ಅವು ಮೂರು ಬೇರೆ ಬೇರೆ ದೋಷಗಳನ್ನು ಹೇಳುತ್ತವೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಎಲ್ಲ ಕಡೆಯಿಂದ ಮರಳಿದರೂ ಅಂಕಿ ಒಂದೇ ತಪ್ಪು ಜಾಗದಲ್ಲಿ, ಉದಾಹರಣೆಗೆ 118ರಲ್ಲಿ, ಅಲ್ಲಾಡದೆ ನಿಂತರೆ ಪಾಟ್ ಚೆನ್ನಾಗಿಯೇ ಇದೆ, ನಡುಬಿಂದುವಿನ ಲೆಕ್ಕ ಮಾತ್ರ ಸರಿದಿದೆ. ಯಾವ ಕಡೆಯಿಂದ ಮರಳಿತೆಂಬುದರ ಮೇಲೆ ಅಂಕಿ ಬದಲಾದರೆ ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗಿನಲ್ಲಿ ಅಥವಾ ಅದರ ಕೆಳಗಿನ ಪ್ಲಾಸ್ಟಿಕ್ಕಿನಲ್ಲಿ ಸಡಿಲವಿದೆ. ಯಾರೂ ಮುಟ್ಟದೆಯೂ ಅಂಕಿ ನಡುಗಿದರೆ ಪಾಟ್‌ನ ಒಳಗೆ ಇಂಗಾಲದ ಪಟ್ಟಿಯ ಮೇಲೆ ಜಾರುವ ಲೋಹದ ಬೆರಳಿಗೆ ಸರಿಯಾದ ನೆಲೆ ಸಿಗುತ್ತಿಲ್ಲ: ಕೊಳೆ ಇರಬಹುದು, ಪಟ್ಟಿಯೇ ಸವೆದಿರಬಹುದು. ತೊಳೆದ ಮೇಲೆ ಒಂಬತ್ತೇ ದಿನಕ್ಕೆ ಮರಳಿತೆಂದರೆ ಕೊಳೆಯ ಪಾಲು ಮುಗಿಯಿತು, ಉಳಿದದ್ದು ಸವೆತ.

ವೈ ಅಕ್ಷ ಗಟ್ಟಿಯಾಗಿದ್ದು ಎಕ್ಸ್ ಅಕ್ಷ ಮಾತ್ರ ಏಕೆ ಸವೆಯಿತು? ಗನ್ ಹಿಡಿದು ಆಡುವ ಆಟಗಳಲ್ಲಿ ಎಡ ಸ್ಟಿಕ್ಕನ್ನು ಹೆಚ್ಚಾಗಿ ಮುಂದಕ್ಕೆ ಒತ್ತುತ್ತಾರೆ. ಫುಟ್‌ಬಾಲ್ ಗೇಮ್ ಅನ್ನು ಟಿವಿ ಪ್ರಸಾರದಂತೆ ಮೈದಾನದ ಪಕ್ಕದಿಂದ ತೋರಿಸುವ ಕ್ಯಾಮೆರಾದಲ್ಲಿ ಆಡುವುದು ವಾಡಿಕೆ. ಆಗ ಒಂದು ಗೋಲು ಪರದೆಯ ಎಡಕ್ಕೆ, ಇನ್ನೊಂದು ಬಲಕ್ಕೆ ಇರುತ್ತದೆ. ದಾಳಿಯೆಲ್ಲ ಅಡ್ಡಡ್ಡವೇ. ಹೆಬ್ಬೆರಳು ದಿನವಿಡೀ ಎಡದ ಅಂಚಿನಿಂದ ಬಲದ ಅಂಚಿಗೆ ಓಡಾಡುವಾಗ ಪ್ರತಿ ಸಲವೂ ನಡುಬಿಂದುವನ್ನು ದಾಟಲೇಬೇಕು, ಆದ್ದರಿಂದ ಪಟ್ಟಿಯ ನಡುಭಾಗಕ್ಕೇ ಹೆಚ್ಚು ಉಜ್ಜು. ಇಂಥ ಸ್ಟಿಕ್ ಮಾಡ್ಯೂಲ್‌ಗಳ (ಪಾಟ್, ಸ್ಪ್ರಿಂಗ್ ಎಲ್ಲ ಸೇರಿದ ಇಡೀ ಬಾಕ್ಸಿನ) ತಯಾರಕರಾದ ಆಲ್ಪ್ಸ್ ಆಲ್ಪೈನ್ ಅವುಗಳ ಆಯಸ್ಸನ್ನು 20 ಲಕ್ಷ ಸುತ್ತುಗಳೆಂದು ಹೇಳುತ್ತದೆ. ದೊಡ್ಡ ಸಂಖ್ಯೆಯೆನಿಸುತ್ತದೆ, ಆದರೆ ದಿನಕ್ಕೆ ಹತ್ತು ತಾಸು, ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ದಿಕ್ಕು ಬದಲಿಸುವ ಪಾರ್ಲರ್‌ನಲ್ಲಿ ಅದು ಒಂದು ವರ್ಷದ ಆಸುಪಾಸಿನಲ್ಲೇ ಮುಗಿಯುವ ಲೆಕ್ಕ. ನಮ್ಮದು ಮೂರು ವರ್ಷ ಬಾಳಿತ್ತು.

ನಡುವಿನಲ್ಲಿ ಒಂದು ಅಡ್ಡದಾರಿ

ಇಷ್ಟು ತಿಳಿದ ಮೇಲೂ ನಾನು ಬೆಸುಗೆ ಬಿಡಿಸುವುದನ್ನು ಮುಂದೂಡಿದೆ. ಈಗ ಕ್ರೋಮ್ ಬ್ರೌಸರ್‌ನಲ್ಲಿ ಯುಎಸ್‌ಬಿ ತಂತಿಯ ಮೂಲಕವೇ ಈ ಕಂಟ್ರೋಲರ್‌ನ ನಡುಬಿಂದುವನ್ನು ಮತ್ತೆ ಹೊಂದಿಸುವ ಸಾಧನಗಳಿವೆ. ಪಿಎಸ್4ರ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್, ಅಂದರೆ ನಡುಬಿಂದುವಿನ ಸುತ್ತ ಲೆಕ್ಕಕ್ಕೆ ಹಿಡಿಯದೆ ಬಿಡುವ ಅಂಕಿಗಳ ವ್ಯಾಪ್ತಿಯನ್ನು, ಬದಲಿಸುವ ಆಯ್ಕೆ ಇಲ್ಲದ ಕಾರಣ ಈ ದಾರಿ ಆಕರ್ಷಕವಾಗಿ ಕಂಡಿತು. ನಡುಗುವ ಅಂಕಿಯ ಸರಾಸರಿಯಾದ 114ರ ಆಸುಪಾಸನ್ನು ಹೊಸ ನಡುವೆಂದು ಬರೆದೆ. ಸಂಜೆ ಪಾರ್ಲರ್‌ನಿಂದ ಫೋನ್ ಬಂತು. ಮೊದಲು ಎಡಕ್ಕೆ ಮಾತ್ರ ಓಡುತ್ತಿದ್ದ ಆಟಗಾರ ಈಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಡುತ್ತಿದ್ದಾನಂತೆ. ನಿಂತ ತಪ್ಪನ್ನು ತಿದ್ದುವ ಸಾಧನದಿಂದ ನಡುಗುವ ತಪ್ಪನ್ನು ತಿದ್ದಲು ಹೋದರೆ ಆಗುವುದು ಅದೇ; ಅಂಕಿ 124ಕ್ಕೆ ಹಾರಿದಾಗಲೆಲ್ಲ ಹೊಸ ನಡುವಿನ ಲೆಕ್ಕದಲ್ಲಿ ಅದು ಬಲಕ್ಕೆ ಒತ್ತಿದಂತಾಯಿತು. ಹುಡುಗರು ನಕ್ಕರು, ಮಾಲೀಕರು ನಗಲಿಲ್ಲ.

ಬದಲಾವಣೆ

ಮುಂದಿನ ನಿರ್ಧಾರ ಎರಡು ದಾರಿಗಳ ನಡುವೆ ಇತ್ತು. ಎಕ್ಸ್ ಅಕ್ಷದ ಪಾಟ್ ಒಂದನ್ನೇ ಬದಲಿಸುವುದಾದರೆ ಮೂರು ಕಾಲುಗಳ ಬೆಸುಗೆ ಬಿಡಿಸಿದರೆ ಸಾಕು. ಇಡೀ ಮಾಡ್ಯೂಲ್ ಬದಲಿಸುವುದಾದರೆ ಹದಿನಾಲ್ಕು: ಎರಡು ಪಾಟ್‌ಗಳ ಆರು, ಸ್ಟಿಕ್ ಒತ್ತುವ ಸ್ವಿಚ್ಚಿನ ನಾಲ್ಕು, ತಗಡಿನ ಚೌಕಟ್ಟಿನ ನಾಲ್ಕು. ಎಡ-ಬಲದ ಮರಳುವಿಕೆಯಲ್ಲಿ ಕಂಡ ನಾಲ್ಕರ ವ್ಯತ್ಯಾಸ ಸ್ಪ್ರಿಂಗಿನ ಸಡಿಲವನ್ನೂ ಸೂಚಿಸುತ್ತಿದ್ದರಿಂದ ಪೂರ್ತಿ ಮಾಡ್ಯೂಲನ್ನೇ ಬದಲಿಸಲು ಹೊರಟೆ. ಈ ತೀರ್ಮಾನ ಸರಿಯಿತ್ತು, ಕೈಕೆಲಸ ಸರಿಯಿರಲಿಲ್ಲ. ಚೌಕಟ್ಟಿನ ಕಾಲುಗಳು ಬೋರ್ಡಿನ ಅಗಲವಾದ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತವೆ. ಐರನ್ನಿನ ಶಾಖವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಸೀಸವಿಲ್ಲದ ಕಾರ್ಖಾನೆ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, 63-37ರ ಸೀಸ ಬೆರೆತ ಬೆಸುಗೆಗೆ 183 ಸಾಕು. ಮೊದಲು ಹದಿನಾಲ್ಕೂ ಕಾಲುಗಳಿಗೆ ಸೀಸದ ಬೆಸುಗೆ ಮತ್ತು ಅದು ಚೆನ್ನಾಗಿ ಹರಿಯಲು ನೆರವಾಗುವ ಫ್ಲಕ್ಸ್ ಸೇರಿಸಿ ಕಲಸಿ, ಆಮೇಲೆ ಕರಗಿದ ಬೆಸುಗೆ ಹೀರುವ ಪಂಪಿನಿಂದ ಎಳೆಯಬೇಕಿತ್ತು. ನಾನು ಮೂರು ಕಾಲುಗಳಿಗೆ ಹಾಗೆ ಮಾಡಿ, ಉಳಿದವನ್ನು ಅವಸರದಲ್ಲಿ ಐರನ್ನಿನ ಶಾಖ ಏರಿಸಿ ಎಳೆದೆ. ಎಕ್ಸ್ ಅಕ್ಷದ ನಡುಕಾಲಿನ ರಂಧ್ರದ ತಾಮ್ರದ ಉಂಗುರ ಪಂಪಿನೊಳಗೆ ಹೋಯಿತು. ಕೂದಲೆಳೆಯಂಥ ಎನಾಮಲ್ ತಂತಿಯಿಂದ ಆ ಕಾಲನ್ನು ಮುಂದಿನ ಸಂಪರ್ಕ ಬಿಂದುವಿಗೆ ಜೋಡಿಸಲು ಒಂದು ಗಂಟೆ ಹಿಡಿಯಿತು. ಅದರ ಕೂಲಿಯನ್ನು ಬಿಲ್ಲಿಗೆ ಹಾಕಲಿಲ್ಲ.

ಹೊರಬಂದ ಹಳೆಯ ಪಾಟ್‌ನ ಹಸಿರು ಮುಚ್ಚಳವನ್ನು ಉಗುರಿನಿಂದ ತೆಗೆದು ಭೂತಗನ್ನಡಿಯ ಕೆಳಗೆ ಹಿಡಿದಾಗ ಎಲ್ಲವೂ ಸ್ಪಷ್ಟವಾಯಿತು. ಕಪ್ಪು ಪಟ್ಟಿಯ ಎರಡೂ ತುದಿಗಳು ಮಂಕಾಗಿ, ಸಮನಾಗಿದ್ದವು. ನಡುವೆ ಎರಡು ಸಣ್ಣ ಗೀರುಗಳು ಹೊಳೆಯುತ್ತಿದ್ದವು, ಬಾವಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಮೂಡಿದ ಗೀರಿನ ಹಾಗೆ. ಒಳಗೆ ಕೆಂಪು ಧೂಳು ಇರಲೇ ಇಲ್ಲ. ಇದ್ದದ್ದು ಕರಿ ಪುಡಿ, ಪಟ್ಟಿಯದೇ. ಸ್ಟಿಕ್ಕಿನ ಕುತ್ತಿಗೆ ಹೊರಕವಚದ ಅಂಚಿಗೆ ಉಜ್ಜಿ ಉದುರಿದ ಬಿಳಿ ಪ್ಲಾಸ್ಟಿಕ್ ಪುಡಿಯೂ ಬಾಕ್ಸಿನ ಮೇಲ್ಭಾಗದಲ್ಲಿತ್ತು. ನೀಲಿ ಹಿಂಜು, ಕೆಂಪು ಧೂಳು ಎರಡೂ ಹೊರಗಿನ ಅತಿಥಿಗಳು. ಊರಿನ ಧೂಳನ್ನು ಬೈಯುವುದು ನಮಗೆಲ್ಲ ಅಭ್ಯಾಸವಾಗಿರುವುದರಿಂದ ಅದು ಮಾಡದ ತಪ್ಪನ್ನೂ ಅದರ ತಲೆಗೇ ಕಟ್ಟುತ್ತೇವೆ.

ಹೊಸ ಮಾಡ್ಯೂಲ್ ಕೂತ ಮೇಲೆ ಅಂಕಿ 121ರಲ್ಲಿ ಅಲ್ಲಾಡದೆ ನಿಂತಿತು. ಈಗ ಅದೇ ನಡುಬಿಂದು ಹೊಂದಿಸುವ ಸಾಧನ ತನ್ನ ಕೆಲಸಕ್ಕೆ ಸರಿಯಾಗಿ ಒದಗಿತು: ನಡು 127ಕ್ಕೆ ಬಂತು, ಅಂಚಿನಲ್ಲಿ ಸುತ್ತಿಸಿದಾಗ ವೃತ್ತವೂ ಸರಿಯಾಗಿ ಮೂಡಿತು. ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುವಾಗ ಈ ವೃತ್ತ ಮುರುಕಾಗಿದ್ದರೆ ದಿಕ್ಕು ತಪ್ಪುತ್ತದೆ, ಆದ್ದರಿಂದ ನಡುಬಿಂದು ಸರಿಹೋಯಿತೆಂದು ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ.

ಮಾಲೀಕರು ಮ್ಯಾಗ್ನೆಟ್ ಸ್ಟಿಕ್, ಅಂದರೆ ಹಾಲ್ ಎಫೆಕ್ಟ್ ಸೆನ್ಸರ್‌ನದು, ಹಾಕಲು ಹೇಳಿದ್ದರು. ಅದರಲ್ಲಿ ಉಜ್ಜುವ ಪಟ್ಟಿಯೇ ಇಲ್ಲ, ಆಯಸ್ಕಾಂತದ ಸ್ಥಾನವನ್ನು ದೂರದಿಂದಲೇ ಓದುತ್ತದೆ. ಪಾರ್ಲರ್‌ಗೆ ತಾತ್ವಿಕವಾಗಿ ಅದೇ ಸರಿ. ಆದರೆ ರಂಧ್ರದ ಉಂಗುರ ಕಳೆದುಕೊಂಡ ಬೋರ್ಡಿನ ಮೇಲೆ ಪ್ರಯೋಗ ಬೇಡವೆಂದು ಆ ದಿನ ಒಪ್ಪಲಿಲ್ಲ. ಆಮೇಲೆ ಏಳನೇ ನಂಬರಿಗೆ ಹಾಕಿದ್ದೇನೆ. ಅದರಲ್ಲಿ ಸ್ಟಿಕ್ ಅಂಚಿಗೆ ಮುಟ್ಟುವ ಮೊದಲೇ ಅಂಕಿ 255 ಆಗುತ್ತಿದ್ದುದರಿಂದ ಅಂಚನ್ನೂ ಮತ್ತೆ ಹೊಂದಿಸಬೇಕಾಯಿತು.

ಟ್ರಿಗರ್‌ಗಳು

ಸ್ಟಿಕ್ಕಿನಲ್ಲಿ ಕಲಿತದ್ದನ್ನು ಟ್ರಿಗರ್‌ಗೆ ಅನ್ವಯಿಸುವ ಬುದ್ಧಿ ನನಗೆ ತಡವಾಗಿ ಬಂತು. ಡ್ಯುಯಲ್‌ಶಾಕ್ 4ರ ಆರ್2 ಮತ್ತು ಎಡಗೈಯ ಟ್ರಿಗರ್ ಎಲ್2 ಒಳಗೆ ವಿದ್ಯುತ್ ಹರಿಸುವ ತುದಿಯ ರಬ್ಬರ್ ಇರುತ್ತದೆ. ಟ್ರಿಗರ್ ಒತ್ತಿದಷ್ಟೂ ಆ ತುದಿ ತೆಳು ಪ್ಲಾಸ್ಟಿಕ್ ಫಿಲ್ಮಿನ ಮೇಲಿನ ಇಂಗಾಲದ ಗುರುತಿಗೆ ಹೆಚ್ಚು ಹರಡಿ ಕೂರುತ್ತದೆ. ಓಟ ಕಡಿಯುತ್ತದೆ ಎಂದ ಕೂಡಲೇ ರಬ್ಬರ್ ಸವೆದಿದೆ ಎಂದುಕೊಂಡು ಹೊಸದನ್ನು ತರಿಸಿ ಹಾಕಿದೆ. ಓಟ ಕಡಿಯುವುದು ನಿಲ್ಲಲಿಲ್ಲ.

ಆಗ ಆರ್2ವನ್ನು ಒತ್ತಿ ಹತ್ತು ಸೆಕೆಂಡ್ ಹಿಡಿದು ಅಂಕಿ ನೋಡಿದೆ. 255, 255, ಒಮ್ಮೆಗೇ 140, ಒಂದು ಕ್ಷಣ 0, ಮತ್ತೆ 255. ಮೊದಲ ಸಲ ಒಂದು ಸೆಕೆಂಡ್ ಒತ್ತಿ 255 ಕಂಡು ಕೈಬಿಟ್ಟಿದ್ದೆನಲ್ಲ, ಇದು ಅಲ್ಲಿ ತಪ್ಪಿಸಿಕೊಂಡಿತ್ತು. ಫುಟ್‌ಬಾಲ್ ಗೇಮ್‌ನಲ್ಲಿ ಈ ಬಟನ್ನನ್ನು ಯಾರೂ ಒಂದು ಸೆಕೆಂಡ್ ಒತ್ತುವುದಿಲ್ಲ, ವಿಂಗರ್ ಓಡುವಷ್ಟು ಹೊತ್ತೂ ಹಿಡಿದೇ ಇರುತ್ತಾರೆ. ಪರೀಕ್ಷೆಯೂ ಹಾಗೆಯೇ ಇರಬೇಕಿತ್ತು. ಎಲ್2 ಅಂಕಿಯ ನಡತೆ ಬೇರೆ. ಅದು ಎಷ್ಟು ಒತ್ತಿದರೂ 170ಕ್ಕೆ ಬಂದು ಅಲ್ಲಾಡದೆ ನಿಂತಿತು. ಎದುರಾಳಿಯನ್ನು ಅಡ್ಡಗಟ್ಟಿ ನಿಲ್ಲಲು ಎಲ್2 ಹಿಡಿಯುತ್ತಾರೆ, ಆದರೂ ಅದರ ಬಗ್ಗೆ ಯಾರೂ ದೂರು ಹೇಳಿರಲಿಲ್ಲ.

ಇಲ್ಲಿಯೂ ನಡುಗುವ ಅಂಕಿ, ನಿಂತ ಅಂಕಿ ಎರಡೂ ಎದುರಿಗಿದ್ದವು. ನಿಂತ ತಪ್ಪು ಎಲ್2ದು, ನಿಜವಾಗಿ ಸವೆದಿದ್ದ ರಬ್ಬರ್ ಅದರದೇ. ಅದರ ತುದಿ ನುಣುಪಾಗಿ ಗಾಜಿನಂತೆ ಹೊಳೆಯುತ್ತಿತ್ತು. ಆರ್2ಗೆ ತರಿಸಿದ್ದ ರಬ್ಬರ್ ಜೋಡಿಯಲ್ಲಿ ಉಳಿದದ್ದನ್ನು ಅಲ್ಲಿಗೆ ಹಾಕಿದಾಗ 255 ಬಂತು. ಆರ್2ದು ನಡುಗುವ ತಪ್ಪು, ಅಂದರೆ ಎಲ್ಲೋ ಸಂಪರ್ಕ ಬಿಡುತ್ತಿದೆ. ಕವಚದ ನಡುಭಾಗವನ್ನು ಹೆಬ್ಬೆರಳಿನಿಂದ ಅದುಮಿದರೆ ಅಂಕಿ ಸರಿಹೋಗುತ್ತಿದ್ದುದು ಸುಳಿವು ಕೊಟ್ಟಿತು. ಆ ಫಿಲ್ಮಿನ ಬಾಲ ಬೋರ್ಡಿಗೆ ತಾಗುವ ಜಾಗದಲ್ಲಿ ಅದನ್ನು ಒತ್ತಿಹಿಡಿಯಲು ಒಂದು ಸಣ್ಣ ಸ್ಪಂಜಿನ ಪಟ್ಟಿ ಇರುತ್ತದೆ. ಮೂರು ವರ್ಷದ ಒತ್ತಡಕ್ಕೆ, ನಮ್ಮ ಊರಿನ ಮೇ ತಿಂಗಳ ಸೆಕೆಯೂ ಸೇರಿ, ಅದು ಹಪ್ಪಳದಷ್ಟು ತೆಳುವಾಗಿತ್ತು. ಫಿಲ್ಮ್ ಹರಿದಿದ್ದರೆ ಹೊಸದನ್ನು ಹಾಕಬೇಕಾಗುತ್ತಿತ್ತು, ಆಗ ಬೋರ್ಡಿನ ಮೇಲೆ ಅಚ್ಚಾದ ಜೆಡಿಎಂ ಸಂಖ್ಯೆಯನ್ನು, ಅಂದರೆ ಬೋರ್ಡಿನ ಮಾದರಿಯ ಗುರುತನ್ನು, ಓದಿಯೇ ತರಿಸಬೇಕು. 030ರ ಫಿಲ್ಮ್ 055ಕ್ಕೆ ಕೂರುವುದಿಲ್ಲ. ಇಲ್ಲಿ ಫಿಲ್ಮ್ ಚೆನ್ನಾಗಿತ್ತು.

ಸ್ಪಂಜಿನ ಹಿಂದೆ ರಬ್ಬರ್ ಹಾಳೆಯ ಒಂದು ಪಟ್ಟಿ ಇಟ್ಟೆ. ದಪ್ಪ ಹೆಚ್ಚಾಯಿತು: ಸ್ಕ್ರೂ ಬಿಗಿಸಿದ ಕೂಡಲೇ ವೃತ್ತದ ಬಟನ್ ತಾನಾಗಿ ಒತ್ತಿಕೊಂಡು, ಪರೀಕ್ಷಿಸಲು ಹಾಕಿದ ಪಂದ್ಯದಲ್ಲಿ ಆಟಗಾರ ತನ್ನ ಅರ್ಧದಿಂದಲೇ ಗೋಲಿಗೆ ಒದೆಯತೊಡಗಿದ. ರಬ್ಬರ್ ತೆಗೆದು ಇನ್ಸುಲೇಷನ್ ಟೇಪಿನ ಎರಡು ಪದರ ಇಟ್ಟ ಮೇಲೆ ಎರಡೂ ಸರಿಹೋದವು. ಆರ್2 ಮೂವತ್ತು ಸೆಕೆಂಡ್ 255ರಲ್ಲಿ ನಿಂತಿತು.

ಫಲಿತ

ಕೊಡುವ ಮೊದಲು ಪಾರ್ಲರ್‌ಗೇ ಹೋಗಿ, ದೂರು ಹೇಳಿದ್ದ ಹುಡುಗನ ಕೈಗೆ ಕೊಟ್ಟು ಆಡಿಸಿದೆ. ಅವನು ಮೊದಲು ಮಾಡಿದ ಕೆಲಸ ಕಂಟ್ರೋಲರನ್ನು ಟೇಬಲ್ಲಿನ ಮೇಲೆ ಇಟ್ಟು, ಎರಡೂ ಕೈ ಮೇಲೆತ್ತಿ ಪರದೆ ನೋಡಿದ್ದು. ಆಟಗಾರ ನಿಂತಲ್ಲೇ ನಿಂತಿದ್ದ. “ನಿಂತಾನ್ರೀ” ಎಂದ, ಅಷ್ಟೇ.

ಅದಾದ ಮೇಲೆ ಪಾರ್ಲರ್‌ನಲ್ಲಿ ಎರಡು ವ್ಯವಸ್ಥೆ ಮಾಡಿದೆವು. ಕಂಟ್ರೋಲರ್‌ಗಳನ್ನು ವಾರಕ್ಕೊಮ್ಮೆ ಯಂತ್ರದಿಂದ ಯಂತ್ರಕ್ಕೆ ಬದಲಿಸುತ್ತಾರೆ, ಏಕೆಂದರೆ ಕಿಟಕಿಯ ಪಕ್ಕದ ಯಂತ್ರಕ್ಕೆ ಗಿರಾಕಿ ಹೆಚ್ಚು. ತಿಂಗಳಿಗೊಮ್ಮೆ ಎಂಟೂ ಕಂಟ್ರೋಲರ್‌ಗಳ ಅಂಕಿಗಳನ್ನು ಮಾಲೀಕರ ಮಗ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ; ಕೈಬಿಟ್ಟಾಗಿನ ನಾಲ್ಕು ಅಂಕಿ, ಹತ್ತು ಸೆಕೆಂಡ್ ಹಿಡಿದಾಗಿನ ಎರಡು ಅಂಕಿ, ನಡುಗಿದರೆ ಅದರ ಮುಂದೆ ಒಂದು ಅಲೆಯ ಗೆರೆ. ಆ ನೋಟ್‌ಬುಕ್ಕಿನಿಂದಾಗಿ ಎರಡನೇ ಮತ್ತು ಆರನೇ ನಂಬರಿನ ಸವೆತವನ್ನು ಜಗಳವಾಗುವ ಮೊದಲೇ ಹಿಡಿದು, ಸ್ಪ್ರಿಂಗ್ ಚೆನ್ನಾಗಿದ್ದುದರಿಂದ ಪಾಟ್ ಮಾತ್ರ ಬದಲಿಸಿ, ಮೂರೇ ಕಾಲುಗಳ ಬೆಸುಗೆಯಲ್ಲಿ ಕೆಲಸ ಮುಗಿಸಿದೆ. ನಾಲ್ಕನೆಯದಕ್ಕೆ ನಡುಬಿಂದು ಹೊಂದಿಸುವ ಸಾಧನ ಕೆಲಸ ಮಾಡಲೇ ಇಲ್ಲ. ಬಿಚ್ಚಿ ನೋಡಿದರೆ ಬೋರ್ಡೇ ಬೇರೆ, ಅದು ನಕಲಿ. ಅದನ್ನು ಅಸಲಿಯೆಂದು ಕೊಂಡಿದ್ದ ಮಾಲೀಕರಿಗೆ ಆ ಸುದ್ದಿ ಹೇಳುವುದೇ ದುರಸ್ತಿಗಿಂತ ಕಷ್ಟವಾಯಿತು.

ಐದನೇ ನಂಬರ್ ಈಗ ಏಳು ತಿಂಗಳಿಂದ ಆಡುತ್ತಿದೆ. ಎಡ ಸ್ಟಿಕ್ಕಿನ ಎಕ್ಸ್ ಅಕ್ಷ ಕಳೆದ ತಿಂಗಳ ಪುಟದಲ್ಲಿ 128. ಬಲ ಸ್ಟಿಕ್ಕಿನ ವೈ ಅಕ್ಷ 131ಕ್ಕೆ ಬಂದಿದೆ, ಮುಂದೆ ಅಲೆಯ ಗೆರೆ ಇನ್ನೂ ಬಿದ್ದಿಲ್ಲ.